ಬೊಜ್ಜು ಕರಗಬೇಕೆ? ರೊಟ್ಟಿ ಬಿಡಬೇಡಿ, ಲೆಕ್ಕ ಇಡಿ

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಊಟ ಹೊಲದಲ್ಲಿ ದುಡಿಯುವವರಿಗಾಗಿ ರೂಢಿಗೆ ಬಂದದ್ದು. ನೀರು ಸೇದಿ, ಕಳೆ ತೆಗೆದು, ಸಂತೆಗೆ ನಡೆದು ಹೋಗಿ ಬರುವವರಿಗೆ ಮೂರು ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ ಹೆಚ್ಚೆನಿಸುತ್ತಿರಲಿಲ್ಲ. ಇಂದು ಪಂಪು, ಟ್ರ್ಯಾಕ್ಟರ್, ಬೈಕುಗಳು ಬಂದಿವೆ. ದುಡಿತ ಇಳಿದರೂ ಊಟದ ಪ್ರಮಾಣ ಇಳಿದಿಲ್ಲ. ಮೇಲಾಗಿ ಬೇಕರಿ ತಿನಿಸು, ಮಿರ್ಚಿ ಭಜಿ ಸೇರಿಕೊಂಡಿವೆ. ಖರ್ಚಾಗದೆ ಉಳಿದ ಶಕ್ತಿಯನ್ನು ದೇಹ ಕೊಬ್ಬಾಗಿ ಕೂಡಿಡುತ್ತದೆ. ಇದೇ ಬೊಜ್ಜು.

ಮೊದಲು ಸುತ್ತಳತೆ

ತೂಕದ ಜೊತೆಗೆ ಹೊಟ್ಟೆಯ ಸುತ್ತಳತೆಯನ್ನೂ ನೋಡಿರಿ. ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮೀರಿದರೆ ಎಚ್ಚರ ವಹಿಸಬೇಕು. ನಮ್ಮವರಲ್ಲಿ ಕೈಕಾಲು ತೆಳ್ಳಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಶೇಖರವಾಗುವುದುಂಟು. ಸಕ್ಕರೆ ಕಾಯಿಲೆ, ರಕ್ತದ ಏರೊತ್ತಡ, ಹೃದ್ರೋಗಗಳ ಅಪಾಯವನ್ನು ಹೆಚ್ಚಿಸುವುದು ಈ ಕೊಬ್ಬು.

ಊಟ ಹೇಗಿರಬೇಕು?

ತೂಕ ಇಳಿಸಲು ಹೊರಟವರು ಮೊದಲು ಬಿಡುವುದು ರೊಟ್ಟಿಯನ್ನು. ಇದು ಸರಿಯಲ್ಲ. ಜೋಳದ ರೊಟ್ಟಿ ಬೇಯಿಸಲು ಎಣ್ಣೆ ಬೇಕಿಲ್ಲ. ನಾರಿನಂಶವಿರುವುದರಿಂದ ಬೇಗ ಹಸಿವಾಗುವುದಿಲ್ಲ. ಮೂರು ತಿನ್ನುವವರು ಎರಡಕ್ಕೆ ನಿಲ್ಲಿಸಿ. ತಾಟಿನ ಅರ್ಧ ಭಾಗ ಮೆಂತ್ಯ ಪಲ್ಯ, ಮೂಲಂಗಿ, ಸೌತೆಕಾಯಿ ಇರಲಿ. ಜೊತೆಗೆ ಒಂದು ಬಟ್ಟಲು ಹೆಸರು ಅಥವಾ ಮಡಕಿ ಕಾಳು, ನೀರು ಮಜ್ಜಿಗೆ ಇರಲಿ.

ಅನೇಕರಲ್ಲಿ ಬೊಜ್ಜು ಬೆಳೆಸುವುದು ನಾವು ಲೆಕ್ಕಕ್ಕೇ ಹಿಡಿಯದ ತಿನಿಸು. ಎರಡೆರಡು ಚಮಚ ಸಕ್ಕರೆ ಹಾಕಿದ ನಾಲ್ಕು ಕಪ್ ಚಹಾ ಕುಡಿದರೆ ಸಕ್ಕರೆಯಿಂದಲೇ 160 ಕ್ಯಾಲರಿ. ಬೆಲ್ಲ ಹಾಕಿದರೂ ಲೆಕ್ಕ ಹೆಚ್ಚುಕಡಿಮೆ ಅಷ್ಟೇ. ಅಂಟು, ಒಣಕೊಬ್ಬರಿ, ಬಾದಾಮಿ, ತುಪ್ಪ, ಬೆಲ್ಲ ಕೂಡಿದ ಗೋಕಾಕ ಕರದಂಟು ಪೌಷ್ಟಿಕವೇನೋ ಹೌದು. ಆದರೆ 25 ಗ್ರಾಂ ತುಂಡಿನಲ್ಲಿ 100ಕ್ಕೂ ಹೆಚ್ಚು ಕ್ಯಾಲರಿ ಇರುತ್ತದೆ. 65 ಕಿಲೋ ತೂಕದವರು ಅದನ್ನು ಖರ್ಚು ಮಾಡಲು ಸುಮಾರು ಅರ್ಧ ಗಂಟೆ ಚುರುಕಾಗಿ ನಡೆಯಬೇಕು. ಆದ್ದರಿಂದ ಹಬ್ಬಕ್ಕೊಂದು ತುಂಡು ಸಾಕು. ಅಡುಗೆ ಎಣ್ಣೆ ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರಿನ ಆಸುಪಾಸಿನಲ್ಲಿರಲಿ.

ವ್ಯಾಯಾಮ

ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಬೊಜ್ಜನ್ನಷ್ಟೇ ಕರಗಿಸಲು ಬರುವುದಿಲ್ಲ. ಕೊಬ್ಬು ಇಡೀ ದೇಹದಿಂದ ಕರಗುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಿರಿ. ನಡೆಯುವಾಗ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು. ಬೇಸಿಗೆಯಲ್ಲಿ ಬಿಸಿಲೇರುವ ಮುನ್ನವೇ ಮುಗಿಸಿರಿ. ವಾರಕ್ಕೆ ಎರಡು ದಿನ ಬೈಠಕ್, ಗೋಡೆಗೆ ಕೈಯೂರಿ ದಂಡ ಹೊಡೆಯುವುದು ಒಳ್ಳೆಯದು. ಗರಡಿಮನೆಗಳನ್ನು ಕಂಡ ನಮ್ಮ ಕಡೆಯವರಿಗೆ ಇದು ಹೊಸತಲ್ಲ. ಇದರಿಂದ ತೂಕ ಇಳಿಯುವಾಗ ಸ್ನಾಯುಗಳು ಸವೆಯುವುದು ಕಡಿಮೆಯಾಗುತ್ತದೆ. ಮನೆಗೆಲಸ ಮಾಡುವ ತಾಯಂದಿರಿಗೂ ನಡಿಗೆ ಬೇಕು. ಒಲೆಯ ಮುಂದೆ ನಿಂತ ದಣಿವು ವ್ಯಾಯಾಮವಾಗದು.

ಅವಸರ ಬೇಡ

ಒಂದು ಕಿಲೋ ಬೊಜ್ಜಿನಲ್ಲಿ ಸುಮಾರು 7,700 ಕ್ಯಾಲರಿ ಅಡಗಿದೆ. ಊಟ ಮತ್ತು ನಡಿಗೆ ಸೇರಿ ದಿನಕ್ಕೆ 500 ಕ್ಯಾಲರಿ ತಗ್ಗಿಸಿದರೂ ವಾರಕ್ಕೆ ಇಳಿಯುವುದು ಅರ್ಧ ಕಿಲೋ ಮಾತ್ರ. ವಾರದಲ್ಲಿ ಐದು ಕಿಲೋ ಇಳಿಸುವ ಪುಡಿ, ಬೆಲ್ಟುಗಳ ಜಾಹೀರಾತಿಗೆ ಮರುಳಾಗಬೇಡಿ. ಹಾಗೆ ದಿಢೀರನೆ ಇಳಿಯುವ ತೂಕದಲ್ಲಿ ಬಹುಪಾಲು ನೀರು.

ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅವರು, ಹೃದ್ರೋಗಿಗಳು, ಗರ್ಭಿಣಿ ಮತ್ತು ಬಾಣಂತಿಯರು ವೈದ್ಯರನ್ನು ಕೇಳದೆ ಊಟ, ವ್ಯಾಯಾಮ ಬದಲಿಸಬಾರದು. ನಡೆಯುವಾಗ ಎದೆನೋವು ಕಂಡರೆ ತಕ್ಷಣ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು.