ಸಂಘ ಎಂದರೆ ಜಗಳವೇ?



ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಕಮಲಾಪುರದ ಕಡೆಯ ತಾಯಿಯೊಬ್ಬರು ದೇವಾಲಯದ ಬಾಗಿಲಲ್ಲೇ ನಿಂತಿದ್ದರು. ಎಲ್ಲರೂ ಹೋದ ಮೇಲೆ ಹತ್ತಿರ ಬಂದು, "ಫಾದರ್, ನನ್ನ ಮಗಳು ಬೆಂಗಳೂರಾಗ ಗಾರ್ಮೆಂಟ್ಸ್‌ನ್ಯಾಗ ದುಡೀತಾಳ್ರಿ. ಈಗ ಸಂಘಕ್ಕ ಸೇರ್ತೀನಿ ಅಂತಾಳ. ಸಂಘ ಅಂದ್ರ ಜಗಳ ಅಲ್ಲೇನ್ರಿ? ಕೆಲಸ ಹೋದ್ರ ಮನಿ ಹ್ಯಾಂಗ ನಡೀಬೇಕು? ನೀವಾರೆ ಆಕಿಗಿ ಬ್ಯಾಡ ಅಂತ ಹೇಳ್ರಿ" ಎಂದರು.

ನಾನು ತಕ್ಷಣ ಉತ್ತರ ಕೊಡಲಿಲ್ಲ. ಮಗಳು ಕಳಿಸುವ ಹಣದಲ್ಲೇ ತಮ್ಮನ ಓದು, ಅಂಗಡಿಯ ಸಾಲ ಎಲ್ಲವೂ ನಡೆಯಬೇಕು. ಆ ತಾಯಿಯ ಭಯ ಸಣ್ಣದಲ್ಲ. ಆದರೆ ಮಗಳ ಮಾತೂ ಸಣ್ಣದಲ್ಲ. ಈ ವಾರ ಅವರಿಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ವಿಷಯವನ್ನು ಅಭ್ಯಾಸ ಮಾಡೋಣ.

ಸಂಘ ಎಂದರೇನು?

ಕಲಬುರಗಿಯ ನೆಹರು ಗಂಜಿಗೆ ಸುಗ್ಗಿಯ ದಿನಗಳಲ್ಲಿ ಹೋಗಿ ನೋಡಿ. ತೊಗರಿ ಚೀಲಗಳನ್ನು ಬೆನ್ನ ಮೇಲೆ ಹೊತ್ತು ಹಮಾಲರು ಓಡಾಡುತ್ತಿರುತ್ತಾರೆ. ಅವರಲ್ಲಿ ಒಬ್ಬನೇ ಹೋಗಿ, "ಸಾಹುಕಾರ್ರೇ, ಚೀಲಕ್ಕೆ ಇನ್ನಷ್ಟು ಕೂಲಿ ಕೊಡಿ" ಎಂದರೆ, ಆ ಚೀಲ ಪಕ್ಕದವನ ಬೆನ್ನೇರುತ್ತದೆ. ಎಲ್ಲರೂ ಕೂಡಿ ಕೇಳಿದರೆ ಸಾಹುಕಾರರು ಕೂತು ಮಾತನಾಡುತ್ತಾರೆ. ಸಂಘದ ತತ್ವ ಇಷ್ಟೇ. ಒಬ್ಬೊಬ್ಬರೇ ಇದ್ದಾಗ ಬೇಡಿಕೊಳ್ಳಬೇಕಾದವರು ಒಟ್ಟಾದಾಗ ಮಾತನಾಡಬಲ್ಲವರಾಗುತ್ತಾರೆ.

ಇದು ಕದ್ದುಮುಚ್ಚಿ ಮಾಡುವ ಕೆಲಸವೂ ಅಲ್ಲ. ನಮ್ಮ ಸಂವಿಧಾನದ 19ನೇ ವಿಧಿ ಸಂಘ ಕಟ್ಟುವುದನ್ನು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಹಕ್ಕು ಎಂದು ಒಪ್ಪಿದೆ. ಅದಕ್ಕೂ ಮುಂಚೆಯೇ 1926ರ ಕಾರ್ಮಿಕ ಸಂಘಗಳ ಕಾಯ್ದೆ, 7 ಜನ ಸೇರಿ ನೋಂದಣಿಗೆ ಅರ್ಜಿ ಹಾಕುವ ಅವಕಾಶ ಕೊಟ್ಟಿತ್ತು. ಉದ್ಯಮದ ಕಾರ್ಮಿಕರಲ್ಲಿ ಶೇ. 10 ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು ಎಂಬ ನಿಯಮ 2001ರ ತಿದ್ದುಪಡಿಯಿಂದ ಬಂತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇವೇ ಸಂಖ್ಯೆಗಳಿವೆ. ಅಂದರೆ ಮೊದಲ ಹೆಜ್ಜೆಗೆ ಏಳು ಜನರ ಧೈರ್ಯ ಬೇಕು.

ಧರ್ಮಸಭೆ ಏನು ಹೇಳುತ್ತದೆ?

ವಿಮೋಚನಾ ಕಾಂಡದ 5ನೇ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ಓದಿ. ಇಸ್ರಯೇಲರು ಈಜಿಪ್ಟಿನಲ್ಲಿ ಇಟ್ಟಿಗೆ ಮಾಡುವ ಬಿಟ್ಟಿ ಆಳುಗಳು. ಆರಾಧನೆಗೆಂದು ಮೂರು ದಿನದ ಬಿಡುವು ಕೇಳಿದ್ದಕ್ಕೆ ಫರೋಹನು ಅವರನ್ನು ಮೈಗಳ್ಳರೆಂದು ಜರೆದ. ಹುಲ್ಲು ಕೊಡುವುದನ್ನು ನಿಲ್ಲಿಸಿದ, ಇಟ್ಟಿಗೆಯ ಲೆಕ್ಕ ಮಾತ್ರ ಇಳಿಸಲಿಲ್ಲ. ಆಗ ಜನರ ಮೇಸ್ತ್ರಿಗಳು ಬೈದದ್ದು ಯಾರನ್ನು? ಮೋಶೆಯನ್ನು! ನಿನ್ನಿಂದಲೇ ನಮಗೆ ಈ ಕಷ್ಟ ಎಂದರು. ನ್ಯಾಯ ಕೇಳಲು ಮೊದಲು ಎದ್ದು ನಿಂತವರು ತಮ್ಮವರಿಂದಲೇ ಮಾತು ಕೇಳಬೇಕಾಗುತ್ತದೆ. ಅದು ಅಂದಿನಿಂದ ನಡೆದು ಬಂದ ಕಥೆ. ಹೊಸ ಒಡಂಬಡಿಕೆಯಲ್ಲಿ ಸಂತ ಯಕೋಬರು (5:4), ಹೊಲ ಕೊಯ್ದವರಿಂದ ಹಿಡಿದಿಟ್ಟುಕೊಂಡ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಎಂದು ಎಚ್ಚರಿಸುತ್ತಾರೆ.

1891ರಲ್ಲಿ ಜಗದ್ಗುರು ಹದಿಮೂರನೇ ಲಿಯೋ ಅವರು 'ರೇರುಮ್ ನೊವಾರುಮ್' ಎಂಬ ವಿಶ್ವಪತ್ರದಲ್ಲಿ, ಕಾರ್ಮಿಕರು ಸಂಘ ಕಟ್ಟಿಕೊಳ್ಳುವುದು ಮನುಷ್ಯನ ಸಹಜ ಹಕ್ಕು ಎಂದು ಬೋಧಿಸಿದರು. 1955ರಲ್ಲಿ ಹನ್ನೆರಡನೇ ಪಿಯುಸ್ ಅವರು ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನಾಗಿ ಸಾರಿದರು. 1981ರಲ್ಲಿ ಎರಡನೇ ಜಾನ್ ಪೌಲ್ ಅವರು 'ಲಬೋರೆಮ್ ಎಕ್ಸೆರ್ಸೆನ್ಸ್' ವಿಶ್ವಪತ್ರದಲ್ಲಿ, ಸಂಘದ ಹೋರಾಟ ನ್ಯಾಯವಾದ ಒಳಿತಿಗಾಗಿಯೇ ಹೊರತು ಯಾರನ್ನೋ ಮುಗಿಸುವುದಕ್ಕಲ್ಲ ಎಂದು ತಿಳಿಸಿದರು. ಸಂಘಗಳು ರಾಜಕೀಯ ಪಕ್ಷಗಳ ಬಾಲವಾಗಬಾರದು ಎಂದೂ, ಮುಷ್ಕರ ನ್ಯಾಯವಾದದ್ದೇ ಆದರೂ ಅದು ಕೊನೆಯ ದಾರಿ ಎಂದೂ ಅದರಲ್ಲಿ ಇದೆ. ಸಂಘಕ್ಕೆ ಧರ್ಮಸಭೆ ಬಾಗಿಲನ್ನು ತೆರೆದಿದೆ, ಬೇಲಿಯನ್ನೂ ಹಾಕಿದೆ.

ಕೆಳಗಿನಿಂದ ಕಟ್ಟುವುದು

ಬೆಲ್ಜಿಯಂ ದೇಶದ ಗುರು ಜೋಸೆಫ್ ಕಾರ್ದೈನ್ ಅವರು 1925ರಲ್ಲಿ ಯುವ ಕ್ರೈಸ್ತ ಕಾರ್ಮಿಕರ ಚಳವಳಿಯನ್ನು ಸ್ಥಾಪಿಸಿದಾಗ ಮೂರು ಮೆಟ್ಟಿಲು ಕಲಿಸಿದರು: ನೋಡು, ವಿವೇಚಿಸು, ಕಾರ್ಯಕ್ಕಿಳಿ. ಭಾಷಣ ಕೇಳಿ ಸಂಘ ಹುಟ್ಟುವುದಿಲ್ಲ. ಊಟದ ಬಿಡುವಿನಲ್ಲಿ, "ನಿನ್ನ ಸಂಬಳದ ಚೀಟಿಯಲ್ಲಿ ಪಿ.ಎಫ್. ಎಷ್ಟು ಮುರಿದಿದ್ದಾರೆ?" ಎಂದು ಇಬ್ಬರು ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ಕೇಳಿದಾಗ ಹುಟ್ಟುತ್ತದೆ.

ಆ ಪಿ.ಎಫ್. ಪ್ರಶ್ನೆಯೇ 2016ರಲ್ಲಿ ಬೆಂಗಳೂರನ್ನು ನಿಲ್ಲಿಸಿತು. ಮಾಲೀಕರ ಪಾಲಿನ ಭವಿಷ್ಯನಿಧಿ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಬಂದಿತ್ತು. ಮಗಳ ಮದುವೆ, ಆಸ್ಪತ್ರೆ, ಮನೆ ಬಾಡಿಗೆಯ ಮುಂಗಡಕ್ಕೆಲ್ಲ ಅದೇ ಹಣವನ್ನು ನಂಬಿದವರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಏಪ್ರಿಲ್ 18 ಮತ್ತು 19ರಂದು ಅವರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಬಂದರು. 19ರಂದೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಅದೇ ದಿನಗಳಲ್ಲಿ ಕಲ್ಲು ತೂರಾಟವಾಯಿತು, ವಾಹನಗಳಿಗೆ ಬೆಂಕಿ ಬಿತ್ತು, ಲಾಠಿಯೂ ಬೀಸಿತು. ಗೆಲುವನ್ನೂ ನೋವನ್ನೂ ಎರಡನ್ನೂ ನೆನಪಿಡಬೇಕು. ಸಿಟ್ಟು ಜನರನ್ನು ಒಂದು ದಿನ ಸೇರಿಸುತ್ತದೆ. ಅವರನ್ನು ಶಿಸ್ತಿನಿಂದ ವರ್ಷಗಟ್ಟಲೆ ಒಟ್ಟಿಗೆ ಹಿಡಿದಿಡಲು ಸಂಘವೇ ಬೇಕು.

ಗಡಿಯಾಚೆಯ ಅಕ್ಕತಂಗಿಯರು

ಬೆಂಗಳೂರಿನಲ್ಲಿ ಹೊಲಿದ ಅಂಗಿ ಯುರೋಪಿನ ಅಂಗಡಿಯಲ್ಲಿ ಮಾರಾಟವಾಗುತ್ತದೆ. ಹೊಲಿಸುವವರು ಇಲ್ಲಿದ್ದಾರೆ, ಬೆಲೆ ನಿರ್ಧರಿಸುವವರು ಅಲ್ಲಿದ್ದಾರೆ. ಹಾಗಿರುವಾಗ ಇಲ್ಲಿಯ ಕಾರ್ಖಾನೆಯ ಗೇಟಿನ ಮುಂದೆ ಮಾತ್ರ ಕೂಗಿದರೆ ಅಲ್ಲಿಯವರಿಗೆ ಕೇಳಿಸುವುದು ಕಷ್ಟ.

2020ರ ಜೂನ್ ತಿಂಗಳಲ್ಲಿ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ತನ್ನ ಘಟಕವೊಂದನ್ನು ಮುಚ್ಚಲು ಹೊರಟಿತು. ಕೊರೋನಾ ಕಾಲ, ಆರ್ಡರ್ ಇಲ್ಲ ಎಂಬುದು ಕಾರಣ. ಸುಮಾರು 1200 ಕಾರ್ಮಿಕರು, ಬಹುಪಾಲು ಹೆಂಗಸರು. ಅವರಲ್ಲಿ ಹಲವರು ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ನಿನ ಸದಸ್ಯರು. ಸಂಘವಿದ್ದ ಕಡೆಯೇ ಬಾಗಿಲು ಹಾಕುತ್ತಿದ್ದಾರೆ ಎಂದು ಅವರು ವಾರಗಟ್ಟಲೆ ಧರಣಿ ಕೂತರು. ಅಲ್ಲಿ ಹೊಲಿಯುತ್ತಿದ್ದ ಬಟ್ಟೆ ಸ್ವೀಡನ್ನಿನ ಎಚ್ ಅಂಡ್ ಎಂ ಕಂಪನಿಗೆ ಹೋಗುತ್ತಿತ್ತು. ಆ ಕಂಪನಿ 2015ರಲ್ಲಿ ಇಂಡಸ್ಟ್ರಿಯಾಲ್ ಎಂಬ ಜಾಗತಿಕ ಕಾರ್ಮಿಕ ಒಕ್ಕೂಟದೊಡನೆಯೂ ಸ್ವೀಡನ್ನಿನ ಕಾರ್ಮಿಕ ಸಂಘದೊಡನೆಯೂ ಒಂದು ಒಪ್ಪಂದ ಮಾಡಿಕೊಂಡಿತ್ತು. ತನಗೆ ಮಾಲು ಕೊಡುವ ಕಾರ್ಖಾನೆಗಳಲ್ಲಿ ಸಂಘ ಕಟ್ಟುವ ಹಕ್ಕಿಗೆ ಗೌರವ ಸಿಗಬೇಕು ಎಂಬುದು ಅದರ ತಿರುಳು. ಆ ಕಾಗದ ಈಗ ಕೆಲಸಕ್ಕೆ ಬಂತು. ಶ್ರೀರಂಗಪಟ್ಟಣದ ಧರಣಿಯ ಮಾತು ಯುರೋಪಿನ ಸಂಘಟನೆಗಳ ಮೂಲಕ ಕಂಪನಿಯ ಬಾಗಿಲು ತಟ್ಟಿತು. 2021ರ ಆರಂಭದಲ್ಲಿ ಒಪ್ಪಂದವಾಗಿ, ಕೆಲಸ ಕಳೆದುಕೊಂಡವರನ್ನು ಬೇರೆ ಘಟಕದಲ್ಲಿ ಮತ್ತೆ ತೆಗೆದುಕೊಳ್ಳಲು ಮತ್ತು ಸಂಘದ ಜೊತೆ ಮಾತುಕತೆ ನಡೆಸಲು ಆಡಳಿತ ಒಪ್ಪಿತು.

ಎಲ್ಲವೂ ಮೊದಲಿನಂತಾಯಿತು ಎಂದು ನಾನು ಹೇಳುತ್ತಿಲ್ಲ. ತಿಂಗಳುಗಟ್ಟಲೆ ಸಂಬಳವಿಲ್ಲದ ಮನೆಯ ಒಲೆ ಹೇಗೆ ಉರಿಯಿತು ಎಂಬುದು ಆ ತಾಯಂದಿರಿಗೇ ಗೊತ್ತು. ಆದರೆ ಕಣ್ಣಿಗೆ ಕಾಣದ ದೇಶದ ಕಾರ್ಮಿಕರು ಇವರ ಪರವಾಗಿ ಮಾತನಾಡಿದರು ಎಂಬುದು ಸತ್ಯ.

ಇದು ಹೊಸ ಮಾತೂ ಅಲ್ಲ. 1965ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ದ್ರಾಕ್ಷಿ ಕೊಯ್ಯುವ ಫಿಲಿಪ್ಪೀನಿ ಕೂಲಿಗಳು ಮುಷ್ಕರ ಹೂಡಿದರು. ಕೆಲವೇ ದಿನಗಳಲ್ಲಿ ಸೀಸರ್ ಚಾವೆಸ್ ಎಂಬ ಕಥೋಲಿಕ ನಾಯಕನ ಮುಂದಾಳತ್ವದಲ್ಲಿ ಮೆಕ್ಸಿಕನ್ ಮೂಲದ ಕೂಲಿಗಳು ಅವರ ಜೊತೆಯಾದರು. 1966ರಲ್ಲಿ ಗ್ವಾದಲುಪೆ ಮಾತೆಯ ಧ್ವಜ ಹಿಡಿದು ರಾಜಧಾನಿಗೆ ನಡೆದು, ಈಸ್ಟರ್ ಭಾನುವಾರ ತಲುಪಿದರು. ಮುಂದೆ ಗೃಹಿಣಿಯರು ಅಂಗಡಿಯಲ್ಲಿ ದ್ರಾಕ್ಷಿ ಕೊಳ್ಳುವುದನ್ನು ಬಿಟ್ಟರು. ಬ್ರಿಟನ್ನಿನ ಬಂದರು ಕಾರ್ಮಿಕರು ಆ ದ್ರಾಕ್ಷಿಯನ್ನು ಹಡಗಿನಿಂದ ಇಳಿಸಲು ಒಪ್ಪಲಿಲ್ಲ. ಅಮೆರಿಕದ ಧರ್ಮಾಧ್ಯಕ್ಷರ ಸಮಿತಿ ಮಧ್ಯಸ್ಥಿಕೆ ವಹಿಸಿತು. 1970ರಲ್ಲಿ ತೋಟದ ಮಾಲೀಕರು ಒಪ್ಪಂದಕ್ಕೆ ಸಹಿ ಹಾಕಿದರು. ಕೆಂಪು ಬಾಳೆಗೆ ಹೆಸರಾದ ಕಮಲಾಪುರದವರಿಗೆ ತೋಟದ ಕೂಲಿಯ ಬೆಲೆ ನಾನು ವಿವರಿಸಬೇಕಿಲ್ಲ.

ನಮ್ಮ ಮನೆಬಾಗಿಲಲ್ಲಿ

ಕಲಬುರಗಿಗೆ ಈ ಪಾಠ ಇಂದು ಏಕೆ ಬೇಕು? ನಿಜಾಮರ ಕಾಲದ ಮೆಹಬೂಬ್ ಶಾಹಿ ಬಟ್ಟೆ ಗಿರಣಿ ಮುಚ್ಚಿಹೋಗಿ ಬಡಾವಣೆಯ ಹೆಸರಾಗಿ ಮಾತ್ರ ಉಳಿದಿದೆ. ಎಂ.ಎಸ್.ಕೆ. ಮಿಲ್ ಎಂದರೆ ಈಗಿನ ಮಕ್ಕಳಿಗೆ ಅದೊಂದು ವಿಳಾಸ. 2023ರ ಮಾರ್ಚ್‌ನಲ್ಲಿ ದೇಶದ ಏಳು ದೊಡ್ಡ ಜವಳಿ ಪಾರ್ಕುಗಳಲ್ಲಿ ಒಂದನ್ನು ಕಲಬುರಗಿಗೆ ಘೋಷಿಸಲಾಯಿತು. ಹೊನ್ನಕಿರಣಗಿಯ ಬಳಿ 1000 ಎಕರೆ ಅದಕ್ಕೆಂದು ಗೊತ್ತಾಯಿತು. ಅಲ್ಲಿ ಯಂತ್ರಗಳು ಓಡತೊಡಗಿದಾಗ ನಮ್ಮ ಹೆಣ್ಣುಮಕ್ಕಳು ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ. ಸಂತೋಷವೇ. ಆದರೆ ನೇಮಕಾತಿ ಪತ್ರ, ಪಿ.ಎಫ್., ಇ.ಎಸ್.ಐ., ಕೂಸಿನ ಮನೆ, ಶೌಚಕ್ಕೆ ಬಿಡುವು, ಇವುಗಳ ಬಗ್ಗೆ ಕೇಳಲು ಅವರು ಈಗಲೇ ಕಲಿತಿರಬೇಕು.

ಇನ್ನೊಂದು ಮಾತು, ಸ್ವಲ್ಪ ಕಹಿ. ನಮ್ಮಲ್ಲಿ ಕೆಲವರು ಮಾಲೀಕರೂ ಹೌದು. ಮನೆಗೆಲಸದ ಅಕ್ಕನಿಗೆ ನಾವು ವಾರದ ರಜೆ ಕೊಡುತ್ತೇವೆಯೇ? ಜ್ವರ ಬಂದ ದಿನದ ಸಂಬಳ ಮುರಿಯುತ್ತೇವೆಯೇ? ಬೆಲ್ಜಿಯಂನಿಂದ ಬಂದ ಸಿಸ್ಟರ್ ಜಾನ್ ದೆವೋಸ್ ಅವರು 1985ರಲ್ಲಿ ಮುಂಬಯಿಯಲ್ಲಿ ಮನೆಗೆಲಸದವರ ರಾಷ್ಟ್ರೀಯ ಚಳವಳಿಯನ್ನು ಆರಂಭಿಸಿದರು. ಕರ್ನಾಟಕ 2004ರಲ್ಲಿ ಮನೆಗೆಲಸಕ್ಕೂ ಕನಿಷ್ಠ ವೇತನ ನಿಗದಿ ಮಾಡಿತು. ಹಲವು ದೇಶಗಳ ಮನೆಗೆಲಸದವರು ಕೂಡಿ ದನಿ ಎತ್ತಿದ್ದರಿಂದ 2011ರ ಜೂನ್ 16ರಂದು ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅವರ ಹಕ್ಕುಗಳ 189ನೇ ಒಡಂಬಡಿಕೆಯನ್ನು ಅಂಗೀಕರಿಸಿತು. ಪಾತ್ರೆ ತೊಳೆಯುವ ಕೈಗಳು ಜಗತ್ತಿನ ಕಾನೂನನ್ನು ಬರೆಸಿದವು. ಆ ಕಾನೂನು ನಮ್ಮ ಅಡುಗೆಮನೆಗೆ ಬರುವುದು ನಮ್ಮ ಮನಸ್ಸಾಕ್ಷಿಯ ಮೂಲಕ.

ಆ ತಾಯಿಗೆ ನನ್ನ ಉತ್ತರ

ಮುಂದಿನ ಭಾನುವಾರ ಆ ತಾಯಿಗೆ ಹೀಗೆ ಹೇಳಿದೆ: "ಅಮ್ಮಾ, ಬೇಡ ಎಂದು ನಾನು ಹೇಳಲಾರೆ. ಆದರೆ ನಾಲ್ಕು ಪ್ರಶ್ನೆ ಕೇಳಲು ಮಗಳಿಗೆ ಹೇಳಿ. ಸಂಘ ನೋಂದಣಿಯಾಗಿದೆಯೇ? ಚಂದಾ ಹಣಕ್ಕೆ ರಸೀದಿ ಕೊಡುತ್ತಾರೆಯೇ? ಮುಂದಾಳುಗಳನ್ನು ಸದಸ್ಯರೇ ಆರಿಸುತ್ತಾರೆಯೇ? ಮುಷ್ಕರಕ್ಕೆ ಮೊದಲು ಮಾತುಕತೆಗೆ ಕೂರುತ್ತಾರೆಯೇ? ನಾಲ್ಕಕ್ಕೂ ಹೌದು ಎಂಬ ಉತ್ತರ ಬಂದರೆ, ಆಶೀರ್ವಾದ ಮಾಡಿ ಕಳಿಸಿ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಬ್ಬಾಕಿನೇ ಇರಂಗಿಲ್ಲಲ್ರಿ, ಫಾದರ್?" ಎಂದರು. ಇಲ್ಲ ಎಂದೆ. ಅಭಯ ಕೊಟ್ಟಷ್ಟು ಸುಲಭವಲ್ಲ ಅದನ್ನು ನಿಜ ಮಾಡುವುದು. ಆ ಹುಡುಗಿ ಒಬ್ಬಳೇ ಆಗದಂತೆ ನೋಡಿಕೊಳ್ಳುವುದು ಅವಳ ಸಂಗಾತಿಗಳ ಕೆಲಸ ಮಾತ್ರವಲ್ಲ, ನಮ್ಮ ಧರ್ಮಕೇಂದ್ರದ ಕೆಲಸವೂ ಹೌದು.

ಕುಟುಂಬದಲ್ಲಿ ಚಿಂತನೆಗೆ

1. ನಮ್ಮ ಮನೆಯಲ್ಲಿ ದುಡಿಯುವವರ ಸಂಬಳದ ಚೀಟಿಯನ್ನು ಎಲ್ಲರೂ ಕೂತು ಓದಿದ್ದೇವೆಯೇ?

2. ನಮಗಾಗಿ ದುಡಿಯುವವರ ಕೂಲಿ ಹೇಳಿದ ದಿನಕ್ಕೆ, ಹೇಳಿದಷ್ಟು ಸಲ್ಲುತ್ತಿದೆಯೇ?

3. ನ್ಯಾಯ ಕೇಳಿದವರ ಪಕ್ಕ ನಿಲ್ಲುತ್ತೇವೆಯೋ, ಇಸ್ರಯೇಲರ ಮೇಸ್ತ್ರಿಗಳಂತೆ ಮೋಶೆಯನ್ನೇ ಬೈಯುತ್ತೇವೆಯೋ?