ದೀಪದ ಸಾಲಿನ ಎಂ.ಸಿ.ಬಿ. ಏಕೆ ಬೀಳುತ್ತದೆ?

ಕಳೆದ ಆಷಾಢದಲ್ಲಿ ನಮ್ಮ ಮನೆಯ ದೀಪಗಳೆಲ್ಲವೂ ಸಂಜೆಯ ಹೊತ್ತು ಒಮ್ಮೆಲೇ ಆರಿಹೋಗತೊಡಗಿದವು. ಮಿಕ್ಸಿಗೂ ಪಂಪಿಗೂ ಏನೂ ತೊಂದರೆಯಿರಲಿಲ್ಲ. ಬೋರ್ಡಿನಲ್ಲಿ ದೀಪದ ಸಾಲಿನ 6 ಆಂಪಿಯರಿನ ಎಂ.ಸಿ.ಬಿ. ಮಾತ್ರ ಬಿದ್ದಿರುತ್ತಿತ್ತು. ಮೇಲೆತ್ತಿದರೆ ಒಮ್ಮೆ ನಿಲ್ಲುತ್ತಿತ್ತು, ಇನ್ನೊಮ್ಮೆ ಬೆರಳು ತೆಗೆಯುವ ಮೊದಲೇ ಬೀಳುತ್ತಿತ್ತು. "16ರದ್ದು ಹಾಕಿಸಿಬಿಡಿ, ಪೀಡೆ ತೊಲಗುತ್ತದೆ" ಎಂದು ನೆರೆಮನೆಯ ಹಿರಿಯರು ಸಲಹೆಯಿತ್ತರು. ತಂದೆಯವರು ಒಪ್ಪಿಯೂ ಆಗಿತ್ತು.

ಆ ಪುಟ್ಟ ಪೆಟ್ಟಿಗೆಯೊಳಗೆ ಕಾವಲಿಗಿರುವವರು ಇಬ್ಬರು. ಒಂದು, ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಪಟ್ಟಿ. ಹೊರೆ ಹೆಚ್ಚಾದರೆ ಇದು ಕಾದು ಬಾಗಿ ಕೊಂಡಿಯನ್ನು ಕಳಚುತ್ತದೆ. ಇದಕ್ಕೆ ಹೊತ್ತು ಹಿಡಿಯುತ್ತದೆ. ಮತ್ತೊಂದು ತಂತಿಯ ಸುರುಳಿ. ಫೇಸ್ ಮತ್ತು ನ್ಯೂಟ್ರಲ್ ತಂತಿಗಳು ನೇರವಾಗಿ ತಗುಲಿ ವಿದ್ಯುತ್ತು ನುಗ್ಗಿದಾಗ ಇದು ಅಯಸ್ಕಾಂತವಾಗಿ ಕಣ್ಣುಮುಚ್ಚಿ ತೆರೆಯುವುದರೊಳಗೆ ಎಳೆದು ಬೀಳಿಸುತ್ತದೆ. 'ಬಿ' ವರ್ಗದ್ದಾದರೆ ನಮೂದಿಸಿದ ಪ್ರಮಾಣದ 3ರಿಂದ 5 ಪಟ್ಟಿಗೂ, 'ಸಿ' ವರ್ಗದ್ದಾದರೆ 5ರಿಂದ 10 ಪಟ್ಟಿಗೂ ಇದು ಎಚ್ಚರಗೊಳ್ಳುತ್ತದೆ. ಆದುದರಿಂದ ಎಷ್ಟು ಹೊತ್ತಿಗೆ ಬಿದ್ದಿತೆಂಬುದೇ ರೋಗದ ಮೊದಲ ಲಕ್ಷಣ.

ನಮ್ಮಲ್ಲಿ ಹೊರೆಯ ಮಾತೇ ಇರಲಿಲ್ಲ. 230 ವೋಲ್ಟಿನಲ್ಲಿ 6 ಆಂಪಿಯರ್ ಎಂದರೆ 1380 ವಾಟ್. ನಮ್ಮ ಹನ್ನೆರಡು ಎಲ್.ಇ.ಡಿ. ದೀಪಗಳು, ತಲಾ 9ರಂತೆ, ಒಟ್ಟು 108 ವಾಟ್. ತಕ್ಷಣ ಬೀಳುತ್ತಿದ್ದುದರಿಂದ ಎಲ್ಲಿಯೋ ತಂತಿಗಳು ಕೂಡುತ್ತಿದ್ದುವೆಂಬುದು ಸ್ಪಷ್ಟ.

ಹುಡುಕುವ ಕ್ರಮ ಸುಲಭ. ಎಲ್ಲ ದೀಪದ ಸ್ವಿಚ್ಚುಗಳನ್ನೂ ಆರಿಸಿ ಎಂ.ಸಿ.ಬಿ.ಯನ್ನು ಎತ್ತಬೇಕು. ಆಗಲೂ ಬಿದ್ದರೆ ದೋಷವು ಸ್ವಿಚ್ಚಿಗಿಂತ ಹಿಂದಿನ ತಂತಿಯಲ್ಲಿ, ಇಲ್ಲವೇ ಎಂ.ಸಿ.ಬಿ.ಯಲ್ಲೇ. ನಿಂತರೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಯಾವುದಕ್ಕೆ ಬೀಳುವುದೋ ಅದೇ ಕಳ್ಳ. ನಾನು ಹೀಗೆಯೇ ಮಾಡಿದೆ. ಹನ್ನೆರಡೂ ಹೊತ್ತಿಕೊಂಡವು, ಏನೂ ಬೀಳಲಿಲ್ಲ! ಮರುಸಂಜೆ ಮಳೆಗಾಳಿ ಬೀಸುತ್ತಲೇ ಮತ್ತೆ ಕತ್ತಲೆ. ಆಗ ಪುನಃ ಪರೀಕ್ಷಿಸಲು ಜಗಲಿಯ ದೀಪದ ಸ್ವಿಚ್ಚಿಗೆ ಬಿದ್ದಿತು. ದೋಷವಿರುವ ಹೊತ್ತಿನಲ್ಲೇ ಹುಡುಕಬೇಕೆಂಬುದು ನನಗೆ ತಡವಾಗಿ ಹೊಳೆಯಿತು.

ಹೋಲ್ಡರಿಗೆ ನೀರಿಳಿದಿದೆಯೆಂದು ಎಲ್ಲರೂ ಹೇಳಿದರು. ವೈರ್‌ಮನ್ ಬಂದು ಮೇನ್ ಆರಿಸಿ, ಟೆಸ್ಟರ್ ಹಿಡಿದು ನೋಡಿ, ಬಿಚ್ಚಿದರೆ ಹೋಲ್ಡರ್ ಒಣಗಿಯೇ ಇತ್ತು. ದೀಪವು ಕಬ್ಬಿಣದ ಕೊಳವೆಯ ತುದಿಯಿಂದ ತೂಗುತ್ತಿತ್ತು. ಗಾಳಿಗೆ ಓಲಾಡಿ ಓಲಾಡಿ ಕೊಳವೆಯ ಹರಿತವಾದ ಬಾಯಿಗೆ ಎರಡೂ ತಂತಿಗಳ ಹೊದಿಕೆ ಸವೆದು ತಾಮ್ರ ಕಾಣುತ್ತಿತ್ತು. ಮಳೆಯದಲ್ಲ, ಗಾಳಿಯ ತಪ್ಪು.

16ರದ್ದನ್ನು ಹಾಕಿಸಿದ್ದರೆ? ಎಂ.ಸಿ.ಬಿ. ಕಾಯುವುದು ದೀಪವನ್ನಲ್ಲ, ಗೋಡೆಯೊಳಗಿನ ತಂತಿಯನ್ನು. ನಮ್ಮದು 1 ಚದರ ಮಿಲಿಮೀಟರಿನ ತಂತಿ. 16 ಆಂಪಿಯರನ್ನು ಅದು ಸದಾ ತಾಳಲಾರದು. ಮನುಷ್ಯರನ್ನು ಕಾಯುವುದಾದರೋ 30 ಮಿಲಿ ಆಂಪಿಯರಿನ ಸೋರಿಕೆಗೇ ಬೀಳುವ ಆರ್.ಸಿ.ಸಿ.ಬಿ.; ಅದು ನಮ್ಮಲ್ಲಿ ಆಗ ಇರಲೇ ಇಲ್ಲ. ಆ ಕೊಳವೆಗೆ ಅರ್ತ್ ತಂತಿಯೂ ಇರಲಿಲ್ಲ. ಬಟ್ಟೆ ಒಣಗಿಸುವ ಕಬ್ಬಿಣದ ತಂತಿಯ ಒಂದು ತುದಿಯನ್ನು ಮಾತ್ರ ಅದಕ್ಕೆ ಬಿಗಿಯಾಗಿ ಸುತ್ತಿದ್ದೆವು. ಅಮ್ಮ ಅಂದೇ ಅದನ್ನು ಬಿಚ್ಚಿಸಿ ನೈಲಾನ್ ಹಗ್ಗ ಕಟ್ಟಿಸಿದರು.