ಹುಲ್ಲಿನ ಚೀಲದಲ್ಲಿ ಹಸಿರು ಬೂಷ್ಟು

ಮಕ್ಕಳೇ,

ಮಳೆಗಾಲದಲ್ಲಿ ಡಬ್ಬಿಯಲ್ಲಿ ಮರೆತುಹೋದ ಚಪಾತಿಯ ಮೇಲೆ ಹಸಿರು ಅಥವಾ ಕಪ್ಪು ಪುಡಿ ಬೆಳೆದಿರುವುದನ್ನು ನೋಡಿದ್ದೀರಲ್ಲವೇ? ಅದೇ ಬೂಷ್ಟು. ಬೂಷ್ಟೂ ಅಣಬೆಯೂ ಶಿಲೀಂಧ್ರಗಳೇ. ಎರಡರಲ್ಲಿಯೂ ಪತ್ರಹರಿತ್ತು ಇಲ್ಲ. ಆದ್ದರಿಂದ ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳಲಾರವು. ಎರಡಕ್ಕೂ ತೇವ ಬೇಕು, ಬೆಚ್ಚಗಿನ ಜಾಗ ಬೇಕು. ಹಾಗಾಗಿ ಮನೆಯಲ್ಲಿ ಅಣಬೆ ಬೆಳೆಯುವವರಿಗೆ ಬೂಷ್ಟು ಕರೆಯದೆ ಬರುವ ನೆಂಟ.

ದಾವಣಗೆರೆ, ಹರಿಹರದ ಸುತ್ತ ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುತ್ತಾರೆ. ಇಲ್ಲಿ ಭತ್ತದ ಹುಲ್ಲಿಗೆ ಕೊರತೆಯಿಲ್ಲ. ಈ ಹುಲ್ಲಿನ ಮೇಲೆ ಚಿಪ್ಪು ಅಣಬೆ ಚೆನ್ನಾಗಿ ಬೆಳೆಯುತ್ತದೆ. ನಾನೂ ಬೆಳೆಯಲು ಹೊರಟೆ. ಆಗ ಏನಾಯಿತು ಕೇಳಿ.

ನನ್ನ ಎಂಟು ಚೀಲಗಳು

ದಾವಣಗೆರೆಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಎಂಟು ಚೀಲ ಕಟ್ಟಿಟ್ಟೆ. ಏಳನೆಯ ದಿನ ಒಂದು ಚೀಲದಲ್ಲಿ ಹಸಿರು ಮಚ್ಚೆ ಕಾಣಿಸಿತು. ಕೋಣೆಯೊಳಗೇ ಚೀಲ ಬಿಚ್ಚಿ, ಹಸಿರಾದ ಹುಲ್ಲನ್ನು ಕಿತ್ತು ಹಾಕಿ ಮತ್ತೆ ಕಟ್ಟಿದೆ. ಒಂದು ವಾರದಲ್ಲಿ ಅದರ ಪಕ್ಕದ ನಾಲ್ಕು ಚೀಲಗಳೂ ಹಸಿರಾದವು!

ಮುಂದೆ ಹರಿಹರದ ಒಂದು ಶಾಲೆಯಲ್ಲಿ ಇದನ್ನು ಹೇಳಿದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಹುಲ್ಲಿಗೆ ಹಾಕಿದ ನೀರು ಎಷ್ಟು ಬಿಸಿ ಇತ್ತು?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಹಬೆ ನೋಡಿ ಸಾಕೆಂದುಕೊಂಡಿದ್ದೆ, ಅಳತೆ ಮಾಡಿರಲಿಲ್ಲ. ಎಂ.ಎಸ್ಸಿ. ಓದಿದ ನನಗೆ ಅವಳ ಪ್ರಶ್ನೆಯೇ ಪಾಠವಾಯಿತು.

ಯಾರು ಮೊದಲು?

ಮನೆಯಲ್ಲಿ ಅಮ್ಮ ಮೊಸರಿಗೆ ಹೆಪ್ಪು ಹಾಕುವುದನ್ನು ನೆನಪಿಸಿಕೊಳ್ಳಿ. ಮೊದಲು ಹಾಲನ್ನು ಕಾಯಿಸುತ್ತಾರೆ. ಅದರಲ್ಲಿದ್ದ ಬೇಡದ ಸೂಕ್ಷ್ಮಜೀವಿಗಳು ಬಹುಪಾಲು ಸಾಯುತ್ತವೆ. ಹಾಲು ಉಗುರುಬೆಚ್ಚಗಾದ ಮೇಲೆ ಹೆಪ್ಪು ಹಾಕುತ್ತಾರೆ. ತುಂಬ ಬಿಸಿ ಇರುವಾಗ ಹಾಕಿದರೆ ಹೆಪ್ಪಿನಲ್ಲಿರುವ ಜೀವಿಗಳೇ ಸಾಯುತ್ತವೆ.

ಅಣಬೆಯದೂ ಇದೇ ಕಥೆ. ಜೋಳದಂತಹ ಕಾಳಿನ ಮೇಲೆ ಬೆಳೆಸಿದ ‘ಅಣಬೆ ಬೀಜ’ವೇ ಇಲ್ಲಿ ಹೆಪ್ಪು. ಅದರ ಬಿಳಿ ಎಳೆಗಳು ಹುಲ್ಲನ್ನೆಲ್ಲ ಹಬ್ಬಲು 15ರಿಂದ 20 ದಿನ ಬೇಕು. ಗಾಳಿಯಲ್ಲಿ, ಹುಲ್ಲಿನಲ್ಲಿ, ನಮ್ಮ ಕೈಯಲ್ಲಿ ಬೂಷ್ಟಿನ ಬೀಜಾಣುಗಳು ಯಾವಾಗಲೂ ಇರುತ್ತವೆ. ಹುಲ್ಲನ್ನು ಯಾರು ಮೊದಲು ಆಕ್ರಮಿಸುತ್ತಾರೋ ಅವರದೇ ಗೆಲುವು. ಅಣಬೆಗೆ ಓಟದಲ್ಲಿ ಮುಂದಿರಲು ಸಹಾಯ ಮಾಡುವುದೇ ನಮ್ಮ ಕೆಲಸ.

ಬೂಷ್ಟು ಬಾರದಂತೆ

1. ಹೊಸ, ಒಣಗಿದ, ಹೊನ್ನಿನ ಬಣ್ಣದ ಹುಲ್ಲನ್ನೇ ಆರಿಸಿ. ಬೇಸಿಗೆ ಬೆಳೆಯ ಹುಲ್ಲು ಮೇ ತಿಂಗಳ ಮಳೆಗೆ ಸಿಕ್ಕಿದ್ದರೆ ಬಣವೆಯಲ್ಲೇ ಬೂಷ್ಟು ಹಿಡಿದಿರುತ್ತದೆ.

2. ಎರಡು ಅಂಗುಲದ ತುಂಡು ಮಾಡಿ, ರಾತ್ರಿಯಿಡೀ ನೆನೆಸಿ. ನಂತರ ಸುಮಾರು 80 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ಗಂಟೆ ಇಡಬೇಕು. ಇದು ದೊಡ್ಡವರ ಕೆಲಸ. ಬಿಸಿಯನ್ನು ಶಾಲೆಯ ಪ್ರಯೋಗಾಲಯದ ಥರ್ಮಾಮೀಟರಿನಿಂದ ಅಳೆಯಿರಿ. ಜ್ವರ ನೋಡುವ ಥರ್ಮಾಮೀಟರ್ ಬೇಡ, ಅದರ ಅಳತೆ ಸುಮಾರು 42 ಡಿಗ್ರಿಗೇ ಮುಗಿಯುತ್ತದೆ.

3. ನೀರು ಬಸಿದು, ಪೂರ್ತಿ ತಣಿಸಿ. ಒಂದು ಹಿಡಿ ಹುಲ್ಲನ್ನು ಗಟ್ಟಿಯಾಗಿ ಹಿಂಡಿ. ಅಂಗೈ ಒದ್ದೆಯಾಗಬೇಕು, ಆದರೆ ನೀರು ತೊಟ್ಟಿಕ್ಕಬಾರದು. ನೀರು ಹೆಚ್ಚಾದರೆ ಗಾಳಿಯಾಡದೆ ಹುಲ್ಲು ಕೊಳೆಯುತ್ತದೆ.

4. ಕೈ, ನೆಲ, ಪಾತ್ರೆ ಸ್ವಚ್ಛವಿರಲಿ. ಫ್ಯಾನ್ ಹಾಕಬೇಡಿ, ದೂಳು ಬಂದು ಕೂರುತ್ತದೆ. ಒಂದು ಕಿಲೋ ಒಣಹುಲ್ಲಿಗೆ ಸುಮಾರು 100 ಗ್ರಾಂ ಹೊಸ ಅಣಬೆ ಬೀಜ ಬೇಕು. ಉಳಿತಾಯಕ್ಕೆಂದು ಕಡಿಮೆ ಹಾಕಿದರೆ ಅಣಬೆ ಓಟದಲ್ಲಿ ಹಿಂದೆ ಬೀಳುತ್ತದೆ.

5. ನಮ್ಮ ಮಾರ್ಚ್-ಏಪ್ರಿಲ್‌ನ ಬಿಸಿಲು ಚಿಪ್ಪು ಅಣಬೆಗೆ ಆಗಿಬರುವುದಿಲ್ಲ. ಮಳೆಗಾಲ, ಚಳಿಗಾಲ ಒಳ್ಳೆಯದು.

ಬಣ್ಣ ನೋಡಿ ತಿಳಿಯಿರಿ

ಕಾಳುಗಳ ಸುತ್ತ ಹತ್ತಿಯಂತೆ ಬಿಳಿಯಾಗಿ ಹಬ್ಬುತ್ತಿದ್ದರೆ ಅದು ಸಾಮಾನ್ಯವಾಗಿ ನಮ್ಮ ಅಣಬೆ. ಹಸಿರಾದರೆ ಹೆಚ್ಚಾಗಿ ಟ್ರೈಕೋಡರ್ಮ. ಇದೂ ಮೊದಲು ಬಿಳಿಯಾಗಿದ್ದು, ಬೀಜಾಣು ಬಿಟ್ಟಾಗ ಹಸಿರಾಗುತ್ತದೆ. ಕಿತ್ತಳೆ ಬಣ್ಣದ ಪುಡಿಯಾದರೆ ನ್ಯೂರೋಸ್ಪೋರ ಇರಬಹುದು. ಕಪ್ಪು ಪುಡಿಯಾದರೆ ಆಸ್ಪರ್ಜಿಲಸ್ ಇರಬಹುದು.

ಬಂದೇಬಿಟ್ಟರೆ?

ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಆ ಹಸಿರು ಪುಡಿಯೆಂದರೆ ಲೆಕ್ಕವಿಲ್ಲದಷ್ಟು ಬೀಜಾಣುಗಳು. ಚೀಲ ಬಿಚ್ಚಿದೊಡನೆ ಅವು ಕೋಣೆಯ ತುಂಬ ಹರಡುತ್ತವೆ. ಚೀಲವನ್ನು ಬಿಚ್ಚದೆ, ಅಲುಗಾಡಿಸದೆ, ದೊಡ್ಡವರ ಸಹಾಯದಿಂದ ಹೊರಗೆ ಒಯ್ಯಿರಿ. ದೂರದ ಗೊಬ್ಬರದ ಗುಂಡಿಯಲ್ಲಿ ಹುಲ್ಲನ್ನು ಹೂಳಿ, ಸಾಬೂನಿನಿಂದ ಕೈ ತೊಳೆಯಿರಿ. ಪ್ಲಾಸ್ಟಿಕ್ ಹೂಳಬೇಡಿ. ಬೂಷ್ಟನ್ನು ಮೂಸಿ ನೋಡಬಾರದು, ಕೆಲವರಿಗೆ ಉಬ್ಬಸ ಬರುತ್ತದೆ. ಕಂಡ ಕಂಡ ಔಷಧ ಸಿಂಪಡಿಸಬೇಡಿ. ಅಣಬೆಯೂ ಶಿಲೀಂಧ್ರವೇ, ಅಲ್ಲದೆ ಅದು ನಮ್ಮ ಊಟಕ್ಕೆ ಬರುವಂಥದ್ದು. ಬೂಷ್ಟು ಹಿಡಿದ ಚೀಲದ ಅಣಬೆಯನ್ನು ತಿನ್ನಬೇಡಿ.

ಎರಡನೆಯ ಸಲ ನೀರಿನ ಬಿಸಿ ಅಳೆದು, ಬರೆದಿಟ್ಟುಕೊಂಡು ಎಂಟು ಚೀಲ ಕಟ್ಟಿದೆ. ಏಳು ಬಿಳಿಯಾದವು. ಹಸಿರಾದ ಒಂದನ್ನು ಅದೇ ದಿನ ಹೊರಗೆ ಸಾಗಿಸಿದೆ.

ಮಾಡಿ ನೋಡಿ

ಮುಚ್ಚಳವಿರುವ ಮೂರು ಸ್ವಚ್ಛ ಗಾಜಿನ ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಒಣಹುಲ್ಲು, ಎರಡನೆಯದರಲ್ಲಿ ನೆನೆಸಿ ಹಿಂಡಿದ ಹುಲ್ಲು, ಮೂರನೆಯದರಲ್ಲಿ ನೆನೆಸಿ, ಶಿಕ್ಷಕರು ಬಿಸಿನೀರಿನಲ್ಲಿಟ್ಟು ತಣಿಸಿದ ಹುಲ್ಲು ಹಾಕಿ ಮುಚ್ಚಿ. ಹತ್ತು ದಿನ ಬಿಚ್ಚದೆ ಹೊರಗಿನಿಂದಲೇ ನೋಡಿ. ಬೂಷ್ಟು ಯಾವುದರಲ್ಲಿ ಮೊದಲು ಬಂತು? ಯಾವ ಬಣ್ಣ? ಪ್ರತಿದಿನ ಬರೆಯಿರಿ. ನೀವು ಊಹಿಸಿದಂತೆ ಆಗದಿದ್ದರೆ ಆದದ್ದನ್ನೇ ಬರೆಯಿರಿ. ಕೊನೆಗೆ ಬಾಟಲಿಗಳನ್ನು ಬಿಚ್ಚದೆ ಶಿಕ್ಷಕರಿಗೆ ಕೊಡಿ.

ಶತ್ರುವೋ, ಮಿತ್ರನೋ?

ನಮ್ಮ ಚೀಲ ಕೆಡಿಸಿದ ಟ್ರೈಕೋಡರ್ಮದ ಆಯ್ದ ತಳಿಗಳನ್ನು ರೈತರು ಅಂಗಡಿಯಿಂದ ಕೊಂಡುತಂದು, ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಹೊಲಕ್ಕೆ ಹಾಕುತ್ತಾರೆ! ಬೇರು ಕೊಳೆಸುವ ಶಿಲೀಂಧ್ರಗಳನ್ನು ಅದು ಅಲ್ಲಿ ಹಿಮ್ಮೆಟ್ಟಿಸುತ್ತದೆ. ಅಂದರೆ ಅಣಬೆಯ ಕೋಣೆಯಲ್ಲಿ ಶತ್ರು, ಹೊಲದಲ್ಲಿ ಮಿತ್ರ. ಮನೆಯ ಹಿರಿಯರು ಇದನ್ನು ಯಾವ ಬೆಳೆಗೆ ಬಳಸಿದ್ದಾರೆ ಎಂದು ಕೇಳಿ, ನಾಳೆ ತರಗತಿಯಲ್ಲಿ ಹೇಳುತ್ತೀರಲ್ಲವೇ?

ಎಚ್ಚರಿಕೆ: ಹೊಲ, ಬೇಲಿ, ಮರದ ಬುಡದಲ್ಲಿ ತಾನಾಗಿ ಎದ್ದ ಅಣಬೆಗಳನ್ನು ಕಿತ್ತು ತಿನ್ನಬೇಡಿ. ಅವುಗಳಲ್ಲಿ ವಿಷದವೂ ಇರುತ್ತವೆ.